ಜಂಬವ್ವನ ಕುಣಿ

ಹೆಣದ ಕುಣಿ ತೆಗೆಯಲು ಹೋದ ಎರ್ರೆಪ್ಪನ ಬಲಗಾಲು ಮೊಣಕಾಲಿನ ತನಕ ಬೂದಿಯೊಳಗೆ ಇಳಿಯಿತು. ಮೇಲೆ ತಣ್ಣಗಿತ್ತು. ಒಳಗೆ ಕೆಂಡವಿತ್ತು. ಅವನು ಕಿರುಚಿದ್ದು ಕೇರಿಯ ತನಕ ಕೇಳಿಸಿತು.

ಸತ್ತವಳು ಅವನ ತಾಯಿ ಜಂಬವ್ವ. ನಸುಕಿನಲ್ಲಿ ಕೆಮ್ಮುತ್ತ ಕೆಮ್ಮುತ್ತಲೇ ಪ್ರಾಣ ಬಿಟ್ಟಿದ್ದಳು. ಮನೆ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಿರೀ ಸೊಸೆ ಹುಲುಗಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಕೂಗು ಕೇಳಿ ಹೆಣ ಬಿಟ್ಟು ಓಡಿದಳು.

ಹೋಗುವಷ್ಟರಲ್ಲಿ ಎರ್ರೆಪ್ಪನನ್ನು ಹೊರಗೆಳೆದಿದ್ದರು. ಕಾಲಿನ ಚರ್ಮ ನೆನೆದ ಕಾಗದದ ಹಾಗೆ ಜಾರುತ್ತಿತ್ತು. ಅವನು ಹಲ್ಲು ಕಚ್ಚಿಕೊಂಡು ಒಂದೇ ಮಾತು ಹೇಳುತ್ತಿದ್ದ.

"ಅವ್ವಗ ಜಾಗ ಇಲ್ಲ ಅತ್ತಿಗಿ. ಎಲ್ಲಿ ಹಾರಿ ಹಾಕಿದ್ರೂ ಬೂದೀನ. ಅವ್ವಗ ಜಾಗಾನ ಇಲ್ಲ."

ಆಟೊ ತರಿಸಿ ಅವನನ್ನು ಕಂಪ್ಲಿಯ ದವಾಖಾನೆಗೆ ಕಳಿಸಿದರು. ಹೆಂಡತಿ ಎರ್ರೆಮ್ಮ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಆಟೊ ಹೋದ ಮೇಲೆ ಹುಲುಗಮ್ಮ ಅಲ್ಲೇ ನಿಂತು ಆ ಜಾಗ ನೋಡಿದಳು.

ಜಾಲಿಗನೂರು ಮೆಟ್ರಿ ದಾಟಿ ಕಾಲುವೆಯ ದಂಡೆ ಹಿಡಿದು ಹೋದರೆ ಸಿಗುವ ಊರು. ಸುತ್ತ ಭತ್ತದ ಗದ್ದೆ. ಗದ್ದೆ ಊರಿನವರದು. ನಾಟಿ, ಕಳೆ, ಕೊಯ್ಲು ಕೇರಿಯವರದು. ಕೇರಿಗೆ ಅಂತ ಇದ್ದದ್ದು ಕಾಲುವೆಯ ಆಚೆ ಕಡೆಯ ಹೂಳುವ ಜಾಗ ಒಂದೇ. ಹುಲುಗಮ್ಮನ ಗಂಡ ಅಲ್ಲಿದ್ದ. ಅವನ ಅಪ್ಪ, ಅಜ್ಜ ಅಲ್ಲಿದ್ದರು. ಈಗ ಅಲ್ಲಿ ಒಂದು ಕಲ್ಲೂ ಕಾಣುತ್ತಿರಲಿಲ್ಲ. ಕಪ್ಪು ಬೂದಿಯ ಗುಡ್ಡಗಳು. ಗಾಳಿ ಬಂದರೆ ಅವು ಹೊಗೆಯ ಹಾಗೆ ಏಳುತ್ತಿದ್ದವು.

ಬೂದಿ ಬರುತ್ತಿದ್ದದ್ದು ಪವರ್ ಪ್ಲಾಂಟಿನಿಂದ. ಊರಿನವರು ಅದಕ್ಕೆ ಹೊಟ್ಟಿನ ಫ್ಯಾಕ್ಟರಿ ಅನ್ನುತ್ತಿದ್ದರು. ಕಂಪ್ಲಿ, ಗಂಗಾವತಿ ಕಡೆಯ ಅಕ್ಕಿ ಗಿರಣಿಗಳ ಹೊಟ್ಟು ಸುಟ್ಟು ಕರೆಂಟು ಮಾಡುವುದು. ಕಟ್ಟುವ ಮೊದಲು ಶಾಮಿಯಾನ ಹಾಕಿ ಭಾಷಣ ಮಾಡಿದ್ದರು. ಕಲ್ಲಿದ್ದಲಿನ ಹೊಗೆಯಿಂದ ಭೂಮಿ ಕೆಟ್ಟಿದೆ, ಇದು ಹಸಿರು ಕರೆಂಟು, ಇದರಿಂದ ಯಾರಿಗೂ ತೊಂದರೆ ಇಲ್ಲ ಅಂದಿದ್ದರು.

ಜಂಬವ್ವ ಅವತ್ತು ಕೈ ಚಪ್ಪಾಳೆ ತಟ್ಟಿದ್ದಳು. ಅವಳಿಗೆ ಕಲ್ಲಿದ್ದಲು ಗೊತ್ತಿತ್ತು. ಪಾಪಿನಾಯಕನಹಳ್ಳಿ ಕಡೆ ಒಂದು ಕಂಪನಿಯ ಕಲ್ಲಿದ್ದಲ ಯಾರ್ಡಿನಲ್ಲಿ ಗಂಡ, ಮಗ, ಸೊಸೆ ಎಲ್ಲರೂ ಕೂಡಿ ದುಡಿದಿದ್ದರು. ಪುಟ್ಟಿಯಲ್ಲಿ ಹೊತ್ತು ಲಾರಿಗೆ ಹಾಕುವುದು. ಉಗುಳಿದರೆ ಕಪ್ಪು. ಮೂಗು ಒರೆಸಿದರೆ ಕಪ್ಪು. ಹುಲುಗಮ್ಮ ಅಲ್ಲೇ ಹೆತ್ತಳು. ಮೊಲೆ ಒರೆಸಿ ಒರೆಸಿ ಕೂಸಿಗೆ ಕುಡಿಸಿದಳು. ಅವಳ ಗಂಡ ಅಲ್ಲಿನ ದೂಳು ಕುಡಿದು ಕುಡಿದು ಎದೆ ಒಣಗಿ ಸತ್ತ. ಹೆಣ ತಂದು ಊರಲ್ಲಿ ಹೂತರು. ಮತ್ತೆ ಯಾರ್ಡಿಗೆ ಹೋಗಲಿಲ್ಲ.

"ಹೊಟ್ಟು ಅಂದ್ರ ಅನ್ನದ ಅಂಗಿ," ಅಂದಿದ್ದಳು ಜಂಬವ್ವ. "ಅದೇನ್ ಮಾಡತೈತಿ ಮನಷಾಗ?"

ಮೊದಲು ಕೇರಿಯ ಒಲೆಗಳಿಗೆ ಹೊಟ್ಟು ಇಲ್ಲವಾಯಿತು. ಗಿರಣಿಯವರು ಮೊದಲೆಲ್ಲ ಒಯ್ಯಿರಿ ಅಂತ ಬಿಡುತ್ತಿದ್ದರು. ಈಗ ಒಂದು ಚೀಲ ಮುಟ್ಟಿದರೂ ಬೈದು ಓಡಿಸಿದರು. ಆಮೇಲೆ ಗುಡ್ಡದ ಬುಡದ ಬಳ್ಳಾರಿ ಜಾಲಿ ಹೋಯಿತು. ಹೊಟ್ಟು ಸಾಲದ ತಿಂಗಳಲ್ಲಿ ಪ್ಲಾಂಟಿಗೆ ಜಾಲಿ ಬೇಕು. ಕೇರಿಯ ಹೆಂಗಸರೇ ಕಡಿದರು. ಮುಳ್ಳು ಚಪ್ಪಲಿ ತೂರಿ ಹಿಮ್ಮಡಿಗೆ ಹತ್ತುತ್ತಿತ್ತು. ಕಡಿದು ಕೊಟ್ಟವರು ಸಂಜೆ ತಮ್ಮ ಒಲೆಗೆ ಪುರಳೆ ಹುಡುಕುತ್ತ ಕಾಲುವೆ ದಂಡೆಯ ಮೇಲೆ ತಿರುಗಿದರು.

ಜಾಲಿಯೂ ಮುಗಿಯುತ್ತ ಬಂತು. ಆಗ ತಾಡಪಾಲು ಮುಚ್ಚಿದ ಲಾರಿಗಳು ಬಂದವು. ಏನು ಬಂತು ಅಂತ ಯಾರೂ ಹೇಳಲಿಲ್ಲ. ಹಾಸಿಗೆ ಹಿಡಿದಿದ್ದ ಜಂಬವ್ವ ಗಾಳಿ ಮೂಸಿ ಗಹಗಹಿಸಿ ನಕ್ಕಳು. ನಗು ಕೆಮ್ಮಾಯಿತು.

"ಬಂತು ನೋಡ ಹುಲುಗಿ. ಕಲ್ಲಿದ್ದಲ ನನ್ನ ಬೆನ್ನ ಹತ್ತಿ ಇಲ್ಲಿಗೂ ಬಂತು."

ಹುಲುಗಮ್ಮನೂ ಎರ್ರೆಪ್ಪನೂ ಅದೇ ಪ್ಲಾಂಟಿನಲ್ಲಿ ಬೂದಿ ಎಳೆಯುವ ಕೂಲಿಗಳು. ಬಾಯ್ಲರಿನ ಕೆಳಗೆ ಬಗ್ಗಿ ಉದ್ದನೆಯ ಕೋಲಿನಿಂದ ಎಳೆಯಬೇಕು. ಮುಖದ ಕೂದಲು ಸುಟ್ಟು ವಾಸನೆ ಬರುತ್ತಿತ್ತು. ಬಾಯಿಗೆ ಕಟ್ಟಿಕೊಳ್ಳಲು ಹಳೇ ಸೀರೆಯ ತುಂಡು. ಆ ಬೂದಿ ಸಾಗಿಸುವ ಗುತ್ತಿಗೆ ಊರಿನ ಗಾದಿಲಿಂಗ ಗೌಡನದು. ದೂರ ಒಯ್ಯುವ ಡೀಸೆಲ್ ಯಾಕೆ ದಂಡ ಅಂತ ಅವನು ಟ್ರ್ಯಾಕ್ಟರುಗಳನ್ನು ಕಾಲುವೆ ದಾಟಿಸಿ ಕೇರಿಯ ಹೆಣಗಳ ಮೇಲೆ ಸುರಿಸಿದ. ಕೇಳಲು ಹೋದರೆ "ಸತ್ತೋರಿಗೆ ಏನ್ ತ್ರಾಸಲೇ?" ಅಂದ.

ಹುಲುಗಮ್ಮ ವಾಪಸು ಬಂದಾಗ ಮಗಳು ಅಂಜಲಿ ಅಜ್ಜಿಯ ಕಾಲ ಬಳಿ ಕೂತಿದ್ದಳು. ಬಳ್ಳಾರಿಯಲ್ಲಿ ಎಂ.ಎಸ್ಸಿ. ಓದಿ ಬಂದವಳು. ಕಲಿಯುವಾಗಲೇ ಬುದ್ಧನ ದೀಕ್ಷೆ ತಗೊಂಡಿದ್ದಳು. ಪ್ಲಾಂಟಿನ ಲ್ಯಾಬಿನಲ್ಲಿ ನೀರು, ಗಾಳಿ ಪರೀಕ್ಷೆ ಮಾಡುವ ಕೆಲಸ. ಕೇರಿಯಿಂದ ಆಫೀಸಿನ ಬಾಗಿಲೊಳಗೆ ಹೋದವಳು ಅವಳೊಬ್ಬಳೇ. ಅವತ್ತು ರಜೆ ಕೇಳಿದ್ದಳು. ಸಿಕ್ಕಿರಲಿಲ್ಲ. ಮಧ್ಯಾಹ್ನ ಹೊರದೇಶದ ತಂಡವೊಂದು ಪ್ಲಾಂಟ್ ನೋಡಲು ಬರುವುದಿತ್ತು. ಇದು ನಿಜಕ್ಕೂ ಹಸಿರು ಕರೆಂಟು ಅಂತ ಅವರು ಒಪ್ಪಬೇಕಿತ್ತು, ಒಪ್ಪಿದರೆ ಕಂಪನಿಗೆ ಹೊರದೇಶದ ದುಡ್ಡು ಬರುವುದಿತ್ತು. ಅವರ ಜೊತೆ ಓಡಾಡಿ ಇಂಗ್ಲಿಷಿನಲ್ಲಿ ವಿವರಿಸುವುದು ಅಂಜಲಿಯ ಕೆಲಸ. ಆದರೂ ಅವಳು ಎದ್ದು ಬಂದಿದ್ದಳು.

"ಚಿಗಪ್ಪನ ಕಾಲು?" ಅಂದಳು.

"ಬೆಂದೈತಿ."

ಅಂಜಲಿ ಕುತ್ತಿಗೆಯ ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು. ಮತ್ತೆ ಸುತ್ತಿಕೊಂಡಳು.

"ನಾನು ಮ್ಯಾನೇಜರಿಗೆ ಭಾಳ ಸಲ ಹೇಳೀನಿ ಅವ್ವಾ, ಅಲ್ಲಿ ಹಾಕಬ್ಯಾಡ್ರಿ ಅಂತ. ನೋಡೋಣ ಅಂತಿದ್ರು."

"ಏನ್ ನೋಡಿದ್ರು?"

ಅಂಜಲಿ ಬಗ್ಗಿ ಅಜ್ಜಿಯ ಸೆರಗು ಸರಿಮಾಡಿದಳು.

ಆಗ ಗಾದಿಲಿಂಗ ಗೌಡ ಬೈಕಿನಲ್ಲಿ ಬಂದ. ಇಳಿಯಲಿಲ್ಲ. ಒಂದು ಕಾಲು ನೆಲಕ್ಕೂರಿ ಎಂಜಿನ್ ಬಂದ್ ಮಾಡದೆ ಮಾತಾಡಿದ. ಹಿಂದೆ ಕಾರಿನಲ್ಲಿ ಪ್ಲಾಂಟಿನ ಮ್ಯಾನೇಜರ್. ಅವನು ಬೆಂಗಳೂರಿನವನು.

"ಏ ಹುಲುಗಿ, ಜಲ್ದಿ ಮುಗಸ್ರಿ. ಸಾಹೇಬ್ರು ದೊಡ್ಡ ಮನಸ್ಸು ಮಾಡ್ಯಾರ. ಕಟಗಿ ಕೊಡ್ತಾರಂತ. ಲಾರಿಗಟ್ಟಲೆ ಕೊಡ್ತಾರ. ಮುದುಕಿನ್ನ ಆ ಗುಡ್ಡದ ಹಿಂದ ಒಯ್ದು ಸುಟ್ಟುಬಿಡ್ರಿ."

"ನಾವು ಸುಡಂಗಿಲ್ರಿ ಗೌಡ್ರ. ಹೂಳ್ತೀವಿ."

"ಇವತ್ತೊಂದಿನ ಸುಡ್ರಿ. ಏನ್ ಅಕ್ಕತಿ?"

ಮ್ಯಾನೇಜರ್ ಕಾರಿನಿಂದ ಇಳಿದ. ಹೆಣಕ್ಕೆ ಕೈಮುಗಿದ. ಕೆಟ್ಟ ಮನುಷ್ಯನ ಹಾಗೆ ಕಾಣುತ್ತಿರಲಿಲ್ಲ. ಮೆತ್ತಗೆ ಮಾತಾಡಿದ.

"ನೋಡಮ್ಮ, ಕಾಲು ಸುಟ್ಟವರ ಖರ್ಚು ನಾವೇ ನೋಡ್ಕೋತೀವಿ. ಬೂದಿಗೂ ಏನಾದ್ರೂ ವ್ಯವಸ್ಥೆ ಮಾಡೋಣ. ಇವತ್ತು ಮಾತ್ರ ಗಲಾಟೆ ಬೇಡ. ಕಲ್ಲಿದ್ದಲಿನ ಪ್ಲಾಂಟ್ ಆಗಿದ್ರೆ ನಿಮ್ಮ ಊರು ಏನಾಗ್ತಿತ್ತು ಯೋಚ್ನೆ ಮಾಡಿ. ಅದಕ್ಕಿಂತ ಇದು ಎಷ್ಟೋ ಒಳ್ಳೇದು."

"ಯಾರಿಗ್ರಿ ಒಳ್ಳೇದು?" ಅಂದಳು ಹುಲುಗಮ್ಮ.

"ಎಲ್ಲರಿಗೂ. ದೇಶಕ್ಕೆ. ಪ್ರಪಂಚಕ್ಕೇ ಒಳ್ಳೇದು."

"ಕಲ್ಲಿದ್ದಲ ಯಾರ್ಡಿನ ಸಾಹೇಬ್ರೂ ದೇಶಕ್ಕ ಒಳ್ಳೇದು ಅಂತಿದ್ರು. ನನ್ನ ಗಂಡ ಸತ್ತ. ನೀವೂ ಒಳ್ಳೇದು ಅಂತೀರಿ. ಆ ಗಂಡನ್ನ ಹೂತಿದ್ದ ಜಾಗಾನೂ ಹೋತು. ಇದ್ದಾಗ ಅವರು ತಿಂದ್ರು. ಸತ್ತ ಮ್ಯಾಲ ನೀವು ತಿಂದ್ರಿ."

"ಹೆಣದ ಮುಂದ ಬಾಯಿ ಮಾಡಬ್ಯಾಡ," ಅಂದ ಗೌಡ. "ಕಟಗಿ ಬೇಕೋ ಬ್ಯಾಡೋ?"

ಹುಲುಗಮ್ಮ ಜಂಬವ್ವನ ಮುಖ ನೋಡಿದಳು. ಕೆನ್ನೆ ಒಳಗೆ ಹೋಗಿತ್ತು. ತಾವೇ ಮುಳ್ಳು ಚುಚ್ಚಿಸಿಕೊಂಡು ಕಡಿದು ಹಾಕಿದ ಕಟ್ಟಿಗೆ. ಅದನ್ನೇ ಈಗ ದಾನ ಕೊಡಲು ಬಂದಿದ್ದರು.

"ಬ್ಯಾಡ. ನಮಗ ಮಣ್ಣು ಬೇಕು."

"ಮಣ್ಣು ಎಲ್ಲೈತಲೇ ನಿಮಗ?"

ಎಲ್ಲಿದೆ ಅಂತ ಹುಲುಗಮ್ಮನಿಗೆ ಆ ಕ್ಷಣದಲ್ಲಿ ಹೊಳೆಯಿತು. ಅವರಿಬ್ಬರೂ ಹೋಗುವ ತನಕ ಕಾದಳು.

ಪ್ಲಾಂಟಿನ ಗೇಟಿನ ಒಳಗೆ, ಆಫೀಸಿನ ಮುಂದೆ ಹುಲ್ಲು ಬೆಳೆಸಿದ್ದರು. ನಡುವೆ ಬೇವಿನ ಸಸಿ, ಅಂಚಿಗೆ ಹೂವಿನ ಗಿಡ. ಅಲ್ಲಿ ಮೊದಲು ಬರೀ ಕಲ್ಲು ಗರಸು. ಏನೂ ಬೆಳೆಯುತ್ತಿರಲಿಲ್ಲ. ಒಳ್ಳೆ ಮಣ್ಣು ಬೇಕು ಅಂತ ಗೌಡ ಕಾಲುವೆಯಾಚೆಯ ಹೂಳುವ ಜಾಗದಲ್ಲಿಯೇ ಅಗೆಸಿದ್ದ. ಹುಲುಗಮ್ಮ, ಎರ್ರೆಮ್ಮ, ಕೇರಿಯ ಎಲ್ಲ ಹೆಂಗಸರು ಪುಟ್ಟಿಯಲ್ಲಿ ಹೊತ್ತಿದ್ದರು. ಮಣ್ಣಿನ ಜೊತೆ ಎಲುಬು ಬಂದಾಗ ಪುಟ್ಟಿ ಒಗೆದು ಕೂತಿದ್ದರು. ತಗ್ಗಿಗೆ ಬೇರೆ ಮಣ್ಣು ತುಂಬಿಸಿ ಕೊಡುತ್ತೇವೆ ಅಂತ ಗೌಡ ಮಾತು ಕೊಟ್ಟಿದ್ದ. ತಗ್ಗಿಗೆ ಬಿದ್ದದ್ದು ಬೂದಿ.

"ಅಂಜಲೀ, ಹಾರಿ ತಗೊ," ಅಂದಳು ಹುಲುಗಮ್ಮ.

"ಎಲ್ಲಿಗೆ ಅವ್ವಾ?"

"ನಮ್ಮ ಮಣ್ಣು ಎಲ್ಲೈತೋ ಅಲ್ಲಿಗೆ."

ಅಂಜಲಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೇಡ ಅನ್ನಲು ಬಾಯಿ ತೆರೆದಳು. ಅಜ್ಜಿಯ ಕಡೆ ನೋಡಿದಳು. ಒಳಗೆ ಹೋಗಿ ಹಾರೆ, ಸಲಿಕೆ ತಂದಳು.

ಹಲಗೆ ಬಡಿಯುವವರು ಮುಂದೆ. ಚಟ್ಟದ ಮೇಲೆ ಕೂತ ಜಂಬವ್ವ. ಹೆಣ ಕಾಲುವೆಯ ಕಡೆ ತಿರುಗಬೇಕಾದ ದಾರಿಯಲ್ಲಿ ತಿರುಗಲಿಲ್ಲ. ನೇರ ನಡೆಯಿತು. ಕೇರಿಯ ಬಾಗಿಲುಗಳೆಲ್ಲ ಖಾಲಿಯಾದವು.

ಗೇಟಿನಲ್ಲಿ ಉಚ್ಚೆಂಗೆಪ್ಪ ಕಾವಲಿದ್ದ. ಅವನೂ ಕೇರಿಯವನೇ. ನೀಲಿ ಅಂಗಿ, ತಲೆಗೆ ಟೋಪಿ. ಕೈ ಅಡ್ಡ ಹಿಡಿದ.

"ಯಕ್ಕಾ, ಒಳಗ ಬಿಡಂಗಿಲ್ಲ. ನನ್ನ ಕೆಲಸ ಹೊಕ್ಕತಿ. ಮಕ್ಕಳು ಸಣ್ಣವು."

"ನಿಮ್ಮವ್ವನ್ನ ಎಲ್ಲಿ ಹೂತಿ ಉಚ್ಚೆಂಗಿ?"

ಅವನು ಅಡ್ಡ ಹಿಡಿದ ಕೈ ಇಳಿಸಿದ.

"ಹೋದ ಅಮಾಸಿಗೆ ಎಡಿ ಹಿಡಕೊಂಡು ಹೋಗಿದ್ದಿ. ಎಲ್ಲಿ ಇಟ್ಟಿ ಎಡಿ?"

"ಬೂದಿ ಮ್ಯಾಲ ಇಟ್ಟೆ," ಅಂದ. "ಅಂದಾಜಿನ ಮ್ಯಾಲ ಇಟ್ಟು ಬಂದೆ ಯಕ್ಕಾ."

ಟೋಪಿ ತೆಗೆದು ಕುರ್ಚಿಯ ಮೇಲಿಟ್ಟ. ಗೇಟು ತೆರೆದ. ಸಲಿಕೆ ಇಸಕೊಂಡು ಅವನೇ ಮುಂದೆ ನಡೆದ.

ಹುಲ್ಲಿಗೆ ಆಗ ತಾನೇ ನೀರು ಬಿಟ್ಟಿದ್ದರು. ಮೊದಲ ಹಾರೆ ಹುಲುಗಮ್ಮ ಹಾಕಿದಳು. ಮಣ್ಣು ಮೆತ್ತಗೆ ಬಿಟ್ಟುಕೊಟ್ಟಿತು. ಎರಡನೆಯದು ಅಂಜಲಿ ಹಾಕಿದಳು. ಓದಿದ ಕೈ. ಬೊಬ್ಬೆ ಬಂತು. ಬಿಡಲಿಲ್ಲ. ಮ್ಯಾನೇಜರ್ ಓಡಿ ಬಂದ.

"ಅಂಜಲಿ! ಏನಿದು? ನಿನಗೆ ಬುದ್ಧಿ ಇಲ್ವಾ? ಇನ್ನೇನು ಅವರು ಬರ್ತಾರೆ. ನಿನ್ನ ಭವಿಷ್ಯ ನೋಡ್ಕೊ."

ಅಂಜಲಿ ಅಗೆಯುತ್ತಲೇ ಇದ್ದಳು.

"ನಮ್ಮಜ್ಜೀದು ನೋಡ್ತಾ ಇದೀನಿ ಸರ್."

ಗೌಡ ಬಂದವನೇ ಹುಲುಗಮ್ಮನ ಕೈಯ ಹಾರೆಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಅವನು ಜಗ್ಗಿದ. ಅವಳ ಮುಂಗೈ ತರಚಿ ರಕ್ತ ಬಂತು. ಹೆಂಗಸರು ಸುತ್ತ ಬಂದು ನಿಂತರು. ಯಾರೂ ಅವನನ್ನು ಮುಟ್ಟಲಿಲ್ಲ. ಸುಮ್ಮನೆ ಹತ್ತಿರ ಹತ್ತಿರ ಬಂದರು. ಅವರ ಮೈಯಿಂದ ಬೂದಿ, ಬೆವರು, ಸುಟ್ಟ ಕೂದಲಿನ ವಾಸನೆ ಬರುತ್ತಿತ್ತು. ಗೌಡ ಕೈ ಬಿಟ್ಟ.

ಆಗಲೇ ಕಾರುಗಳು ಬಂದವು. ಬಿಳಿ ಕೂದಲಿನ ಹೆಂಗಸೊಬ್ಬಳು, ಇಬ್ಬರು ಗಂಡಸರು, ಜೊತೆಗೆ ದಿಲ್ಲಿಯವರು. ಹಲಗೆಯ ಸದ್ದು, ಚಟ್ಟ, ಅಗೆದ ಹುಲ್ಲು ನೋಡಿ ನಿಂತರು. ಮ್ಯಾನೇಜರ್ ನಗುತ್ತ ಏನೋ ಹೇಳಿದ. ಅಂಜಲಿಗೆ ಕೇಳಿಸಿತು. ಇಲ್ಲಿನ ಜನರ ಒಂದು ಆಚರಣೆ, ಕಂಪನಿ ಇಂಥದ್ದಕ್ಕೆಲ್ಲ ಜಾಗ ಕೊಡುತ್ತದೆ ಅಂದಿದ್ದ.

ಅಂಜಲಿ ಸಲಿಕೆ ನೆಟ್ಟು ಮೇಲೆ ಬಂದಳು. ಬಟ್ಟೆಯೆಲ್ಲ ಕೆಸರು. ಮೊದಲು ಕನ್ನಡದಲ್ಲಿ ಹೇಳಿದಳು. ಕೇರಿಗೆ ಕೇಳಲಿ ಅಂತ.

"ಸುಳ್ಳು. ಈಕಿ ನಮ್ಮಜ್ಜಿ. ಈಕಿ ಹೋಗಬೇಕಾದ ಜಾಗದಾಗ ಈ ಪ್ಲಾಂಟಿನ ಬೂದಿ ತುಂಬೈತಿ. ಕುಣಿ ತೆಗಿಯಾಕ ಹೋದ ನಮ್ಮ ಚಿಗಪ್ಪನ ಕಾಲು ಬೆಂದೈತಿ. ಹೊಟ್ಟು ಮುಗದಾಗ ಇಲ್ಲಿ ಕಲ್ಲಿದ್ದಲ ಸುಡ್ತಾರ. ನಾನು ಇಲ್ಲಿ ಕೆಲಸ ಮಾಡ್ತೀನಿ. ನನಗ ಗೊತ್ತೈತಿ."

ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಬಿಳಿ ಕೂದಲಿನ ಹೆಂಗಸು ಬಹಳ ಹೊತ್ತು ಕೇಳಿದಳು. ಬೂದಿಯ ಜಾಗ ತೋರಿಸು ಅಂದಳು. ಮ್ಯಾನೇಜರ್ ಅಡ್ಡ ಬಂದ. ಅವಳು ಅವನನ್ನು ದಾಟಿ ಅಂಜಲಿಯ ಹಿಂದೆ ಹೋದಳು. ವಾಪಸು ಬಂದಾಗ ಅವಳ ಬೂಟು ಕಪ್ಪಾಗಿತ್ತು. ಯಾರ ಜೊತೆಗೂ ಮಾತಾಡದೆ ಕಾರು ಹತ್ತಿದಳು. ಅವರು ಊಟಕ್ಕೂ ನಿಲ್ಲಲಿಲ್ಲ.

ಜಂಬವ್ವನನ್ನು ಕೂತ ಹಾಗೆಯೇ ಇಳಿಸಿದರು. ಉಪ್ಪು ಹಾಕಿದರು. ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿದರು. ಆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಾಗ ಹುಲುಗಮ್ಮ ಗಂಡನ ಹೆಸರು ಹೇಳಿ ಅತ್ತಳು. ಅವನು ಈ ಮಣ್ಣಿನಲ್ಲೂ ಇರಬಹುದು, ಆ ಬೂದಿಯ ಅಡಿಯಲ್ಲೂ ಇರಬಹುದು. ಅವಳಿಗೆ ಗೊತ್ತಾಗುವ ದಾರಿಯಿರಲಿಲ್ಲ.

ಮರುದಿನ ಮುಂಜಾನೆ ಪೊಲೀಸರ ಜೀಪು ಬಂತು. ಜೊತೆಗೆ ತಾಲ್ಲೂಕಿನ ಅಧಿಕಾರಿ. ಖಾಸಗಿ ಜಾಗದಲ್ಲಿ ಹೆಣ ಹೂಳುವಂತಿಲ್ಲ, ಹೊರಗೆ ತೆಗೆಯಿರಿ ಅಂದರು. ಅಷ್ಟೊತ್ತಿಗೆ ಅಂಜಲಿಯನ್ನು ಕೆಲಸದಿಂದ ತೆಗೆದ ಸುದ್ದಿ ಅವಳ ಫೋನಿಗೆ ಬಂದಿತ್ತು. ಉಚ್ಚೆಂಗೆಪ್ಪನದೂ ಹೋಗಿತ್ತು. ಎರ್ರೆಪ್ಪನನ್ನು ಕಂಪ್ಲಿಯಿಂದ ಬಳ್ಳಾರಿಗೆ ಕಳಿಸಿದ್ದರು. ಕಾಲು ಉಳಿಯುತ್ತದೆ, ಆದರೆ ಮೊದಲಿನ ಹಾಗೆ ಊರಲು ಬರುವುದಿಲ್ಲ ಅಂದಿದ್ದರಂತೆ.

ಕೇರಿಯವರು ಕುಣಿಯ ಸುತ್ತ ಕೂತಿದ್ದರು. ಕೆಲಸಕ್ಕೆ ಒಬ್ಬರೂ ಹೋಗಿರಲಿಲ್ಲ.

"ತೆಗೀರಿ ಸರ್," ಅಂದಳು ಹುಲುಗಮ್ಮ. "ನಾವು ಬ್ಯಾಡ ಅನ್ನಂಗಿಲ್ಲ."

ಅಧಿಕಾರಿ ಗೌಡನ ಕಡೆ ನೋಡಿದ. ಗೌಡ ಕೇರಿಯ ಗಂಡಸರ ಕಡೆ ನೋಡಿದ.

"ಬರ್ರಲೇ. ಹಾರಿ ತಗೊಳ್ರಿ."

ಯಾರೂ ಏಳಲಿಲ್ಲ. ಜಾಲಿಗನೂರಿನಲ್ಲಿ ಯಾರು ಸತ್ತರೂ ಕುಣಿ ತೆಗೆಯುವವರು ಕೇರಿಯವರು. ಗೌಡನ ಅಪ್ಪನ ಕುಣಿಯನ್ನೂ ಅವರೇ ತೆಗೆದಿದ್ದರು. ಸತ್ತ ದನ ಎಳೆಯುವವರೂ ಅವರೇ. ಊರಿನಲ್ಲಿ ಬೇರೆ ಯಾರೂ ಹೆಣದ ಮಣ್ಣು ಮುಟ್ಟಿದವರಿರಲಿಲ್ಲ.

ಹುಲುಗಮ್ಮ ಹಾರೆ ಎತ್ತಿಕೊಂಡು ಹೋಗಿ ಗೌಡನ ಕಾಲ ಬಳಿ ಹಾಕಿದಳು. ಠಣ್ ಅಂತ ಸದ್ದಾಯಿತು.

"ತೆಗಿ."

"ಏ ಹುಲುಗಿ..."

"ನೀ ತೆಗಿ. ಮುಟ್ಟು. ಮುಟ್ಟಿ ಹೊರಗ ತೆಗಿ ನಮ್ಮತ್ತಿನ್ನ. ತಲೆಮಾರಿನಿಂದ ನಾವು ಮಾಡೀವಿ. ಇವತ್ತ ನೀ ಮಾಡು."

ಗೌಡ ಹಾರೆ ನೋಡಿದ. ಬಗ್ಗಲಿಲ್ಲ. ಕಾಲು ಹಿಂದಕ್ಕೆ ಎಳೆದುಕೊಂಡ. ಪೊಲೀಸರು ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡ. ಜೆಸಿಬಿ ತರಿಸಿ ಅಂದ.

ಜೆಸಿಬಿ ಬರಲು ಮಧ್ಯಾಹ್ನವಾಯಿತು. ಓಡಿಸುವವನು ಮಲಪನಗುಡಿಯ ಹುಲುಗೇಶ್. ಯಾಕೆ ಕರೆಸಿದ್ದಾರೆ ಅಂತ ಅವನಿಗೆ ಹೇಳಿರಲಿಲ್ಲ. ಕುಣಿ ನೋಡಿದ. ಅದರ ಮೇಲಿಟ್ಟ ಎಲೆ, ಅಡಿಕೆ ನೋಡಿದ. ಸುತ್ತ ಕೂತ ಹೆಂಗಸರ ಮುಖ ನೋಡಿದ. ಎಂಜಿನ್ ಬಂದ್ ಮಾಡಿ ಕೀಲಿ ಜೇಬಿಗೆ ಹಾಕಿಕೊಂಡು ಇಳಿದ.

"ನಂದೂ ಕೇರಿನ ಸರ್," ಅಂದ. "ಬ್ಯಾರೆಯವರನ್ನ ನೋಡ್ಕೊಳ್ರಿ."

ಹುಲ್ಲಿನ ಅಂಚಿನಲ್ಲಿ ಬಂದು ಕೂತ. ಯಾರೋ ಅವನಿಗೆ ನೀರಿನ ತಂಬಿಗೆ ಕೊಟ್ಟರು.

ಹೊಟ್ಟು ತಳ್ಳುವವರಿಲ್ಲದೆ, ಬೂದಿ ಎಳೆಯುವವರಿಲ್ಲದೆ ಬಾಯ್ಲರು ಆರುತ್ತ ಬಂತು. ಹೊಗೆ ತೆಳ್ಳಗಾಯಿತು. ಮೂರು ಹೊತ್ತೂ ಕಿವಿಯಲ್ಲಿ ಕೂತಿದ್ದ ಆ ಗೊರಗೊರ ಸದ್ದು ನಿಂತಿತು. ಮ್ಯಾನೇಜರ್ ಆಫೀಸಿನಿಂದ ಹೊರಗೆ ಬಂದ. ಅಂಗಿ ಬೆವರಿಗೆ ಅಂಟಿತ್ತು. ಮೇಲಿನವರ ಫೋನು ಬಂದಿತ್ತು ಅಂತ ಕಾಣುತ್ತದೆ.

"ಆಯ್ತಮ್ಮ. ನಾಳೆಯಿಂದಲೇ ಅಲ್ಲಿಂದ ಬೂದಿ ತೆಗೆಸ್ತೀವಿ. ನೀವು ಇದನ್ನ ತೆಗೆದುಬಿಡಿ."

"ಬೂದಿ ತೆಗೀರಿ. ಮಣ್ಣು ತುಂಬ್ರಿ. ಆಮ್ಯಾಲ ಮಾತಾಡೋಣು."

"ನಂಬಿಕೆ ಇಲ್ವಾ ನಿಮಗೆ?"

ಹುಲುಗಮ್ಮ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಇಲ್ಲ," ಅಂದಳು.

ಅವನು ಒಳಗೆ ಹೋದ. ಅಧಿಕಾರಿಯ ಜೀಪು ಹೋಯಿತು. ಇಬ್ಬರು ಪೊಲೀಸರನ್ನು ಗೇಟಿನಲ್ಲಿ ಬಿಟ್ಟು ಹೋದರು. ಗೌಡ ಯಾವಾಗ ಹೋದನೋ ಯಾರೂ ನೋಡಲಿಲ್ಲ. ಹಾರೆ ಅವನು ನಿಂತಿದ್ದ ಜಾಗದಲ್ಲೇ ಬಿದ್ದಿತ್ತು.

"ಮತ್ತ ಬರ್ತಾರ ಅವ್ವಾ," ಅಂದಳು ಅಂಜಲಿ. "ಹೊರಗಿನ ಜನ ಕರ್ಕೊಂಡು ಬರ್ತಾರ. ಕೇಸು ಹಾಕ್ತಾರ."

"ಬರ್ಲಿ."

ಹುಲುಗಮ್ಮ ಎದ್ದು ಹೋಗಿ ಹಾರೆ ಎತ್ತಿಕೊಂಡಳು. ಗೇಟಿನ ಕಡೆ ಮುಖ ಮಾಡಿ ಕುಣಿಗೆ ಬೆನ್ನು ಕೊಟ್ಟು ಕೂತಳು. ಹಾರೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.